ಕಾರಿನ ಪರದೆಯೊಳಗಿನ ಹಾಡು ಯಾರದು?

ಹೊಸ ವಿದ್ಯುತ್ ಕಾರಿನೊಳಗೆ ಕುಳಿತವರ ಕಣ್ಣು ಮೊದಲು ಹೋಗುವುದು ಸ್ಟೀರಿಂಗ್ ಪಕ್ಕದ ದೊಡ್ಡ ಪರದೆಯ ಮೇಲೆ. ಬ್ಯಾಟರಿಯಲ್ಲಿ ಉಳಿದಿರುವ ಚಾರ್ಜು, ದಾರಿಯ ನಕ್ಷೆ, ಏರ್ ಕಂಡೀಷನರ್ ಎಲ್ಲವೂ ಅಲ್ಲೇ. ಅದೇ ಪರದೆಯಲ್ಲಿ ಸಂಗೀತದ ಆ್ಯಪ್ ಕೂಡ ಇರುತ್ತದೆ. ಬೆರಳಿನಿಂದ ಮುಟ್ಟಿ ಅಥವಾ ಬಾಯಿಮಾತಿನಲ್ಲಿ ಕೇಳಿ ಹಾಡು ಹಾಕಿಸಿಕೊಳ್ಳಬಹುದು. ಕ್ಯಾಸೆಟ್ ಬೇಡ, ಸಿ.ಡಿ. ಬೇಡ, ಮೊಬೈಲನ್ನು ತಂತಿಯಿಂದ ಜೋಡಿಸುವ ಕೆಲಸವೂ ಇಲ್ಲ. ಕೋಟಿಗಟ್ಟಲೆ ಹಾಡುಗಳ ಭಂಡಾರವೇ ಕಾರಿನ ಜೊತೆ ಮನೆಗೆ ಬಂದಂತೆ ತೋರುತ್ತದೆ.

ಆದರೆ ಆ ಭಂಡಾರ ಕಾರಿನಲ್ಲಿ ಇಲ್ಲ. ಅದು ಎಲ್ಲೋ ದೂರದ ಕಂಪ್ಯೂಟರುಗಳಲ್ಲಿದೆ. ಕಾರಿಗೆ ಹತ್ತಾರು ಲಕ್ಷ ರೂಪಾಯಿ ಕೊಟ್ಟವನಿಗೂ ಅದರೊಳಗೆ ಕೇಳುವ ಹಾಡಿನ ಮೇಲೆ ಒಡೆತನವಿಲ್ಲ. ಹಾಗಾದರೆ ಆ ಹಾಡು ಯಾರ ಕೈಯಲ್ಲಿದೆ? ನಾಳೆಯೂ ಸಿಗುತ್ತದೆ ಎಂಬುದಕ್ಕೆ ಹೊಣೆ ಯಾರು? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಮೊದಲು ಹಾಡು ಕಾರಿಗೆ ಹೇಗೆ ಬರುತ್ತದೆ ಎಂಬುದನ್ನು ತಿಳಿಯಬೇಕು.

ಹಾಡು ಬರುವ ದಾರಿ

ಇಂಥ ಕಾರಿನಲ್ಲಿ ಮೊಬೈಲ್ ಫೋನಿನಲ್ಲಿರುವಂಥದೇ ಒಂದು ಸಿಮ್ ಮತ್ತು ಮೋಡೆಮ್ ಅಡಗಿರುತ್ತವೆ. ಹಾಡು ಕೇಳಿದ ಕೂಡಲೇ ಕಾರು ಮೊಬೈಲ್ ಗೋಪುರದ ಮೂಲಕ ಸಂಗೀತ ಕಂಪೆನಿಯ ಕಂಪ್ಯೂಟರನ್ನು ಸಂಪರ್ಕಿಸುತ್ತದೆ. ಅಲ್ಲಿಂದ ಹಾಡು ಸಣ್ಣ ಸಣ್ಣ ತುಣುಕುಗಳಾಗಿ ಬರುತ್ತದೆ. ಮುಂದಿನ ಕೆಲವು ತುಣುಕುಗಳನ್ನು ಕಾರು ಮೊದಲೇ ತರಿಸಿ ಇಟ್ಟುಕೊಂಡಿರುತ್ತದೆ. ಹೀಗಾಗಿ ಸೇತುವೆಯ ಕೆಳಗೆ ಸಿಗ್ನಲ್ ಕ್ಷಣಕಾಲ ಹೋದರೂ ಹಾಡು ನಿಲ್ಲುವುದಿಲ್ಲ. ಘಾಟಿಯ ತಿರುವುಗಳಲ್ಲಿ ಹತ್ತಾರು ನಿಮಿಷ ಸಿಗ್ನಲ್ ಇಲ್ಲದಿದ್ದರೆ ಮಾತ್ರ ಕೂಡಿಟ್ಟದ್ದು ಖಾಲಿಯಾಗಿ ಕಾರು ಮೌನವಾಗುತ್ತದೆ.

ಲೆಕ್ಕವೂ ಸರಳವೇ. ಸೆಕೆಂಡಿಗೆ 320 ಕಿಲೋಬಿಟ್‌ಗಳ ಉತ್ತಮ ಗುಣಮಟ್ಟದಲ್ಲಿ ಕೇಳಿದರೆ ಐದು ನಿಮಿಷದ ಹಾಡಿಗೆ ಸುಮಾರು 12 ಮೆಗಾಬೈಟ್, ಒಂದು ಗಂಟೆಗೆ ಸುಮಾರು 144 ಮೆಗಾಬೈಟ್ ದತ್ತಾಂಶ ಬೇಕು. ಈ ದತ್ತಾಂಶದ ಹಣವನ್ನು ಯಾರಾದರೂ ಕೊಡಲೇಬೇಕು. ಅಮೆರಿಕದ ಟೆಸ್ಲಾ ಕಂಪೆನಿ ಇದಕ್ಕೆಂದೇ ಪ್ರತ್ಯೇಕ ಚಂದಾ ಇಟ್ಟಿದೆ. ಅಲ್ಲಿ ಅದು ತಿಂಗಳಿಗೆ 9.99 ಡಾಲರ್ ಎಂದು ಆರಂಭವಾಯಿತು. ಸ್ಪಾಟಿಫೈಯಂಥ ಸಂಗೀತ ಸೇವೆಯ ಚಂದಾ ಇದರ ಹೊರಗಿನದು.

ಹಾಡು ಕೇಳಿದರೆ ಬ್ಯಾಟರಿ ಬೇಗ ಖಾಲಿಯಾಗುತ್ತದೆಯೇ ಎಂದು ಕೇಳುವವರು ಬಹಳ. ಈ ಭಯಕ್ಕೆ ಆಧಾರವಿಲ್ಲ. ನೂರು ಕಿಲೋಮೀಟರಿಗೆ 15 ಯೂನಿಟ್ ಬಳಸುವ ಕಾರು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋದರೆ ಗಂಟೆಯೊಂದಕ್ಕೆ 9 ಯೂನಿಟ್ ಖರ್ಚು. ಸಾಧಾರಣ ಧ್ವನಿಯಲ್ಲಿ ಹಾಡು ಕೇಳಲು ಐವತ್ತು ವಾಟ್ ಬೇಕೆಂದಿಟ್ಟುಕೊಂಡರೂ ಒಂದು ಗಂಟೆಯಲ್ಲಿ ಯೂನಿಟ್ಟಿನ ಇಪ್ಪತ್ತನೇ ಒಂದು ಭಾಗ ಮಾತ್ರ. ಏರ್ ಕಂಡೀಷನರ್ ಇದರ ಹಲವು ಪಟ್ಟು ತಿನ್ನುತ್ತದೆ.

ಮೂರು ಕೈಗಳು

ಇಲ್ಲಿ ಮೂವರ ಒಪ್ಪಿಗೆ ಬೇಕು ಎಂಬುದನ್ನು ಗಮನಿಸಬೇಕು. ಕಾರು ಕಂಪೆನಿ ಆ ಆ್ಯಪನ್ನು ಪರದೆಯಲ್ಲಿ ಇಟ್ಟಿರಬೇಕು. ಮೊಬೈಲ್ ಜಾಲ ಆ ಕಾರಿನ ಮೋಡೆಮ್‌ಗೆ ಸಿಗ್ನಲ್ ಕೊಡುತ್ತಿರಬೇಕು. ಸಂಗೀತ ಸೇವೆಯ ಬಳಿ ಆ ಹಾಡನ್ನು ಕೇಳಿಸುವ ಹಕ್ಕು ಇರಬೇಕು. ಮೂವರಲ್ಲಿ ಒಬ್ಬರು ಕೈಬಿಟ್ಟರೂ ಹಾಡು ಇಲ್ಲ. ಮೂವರೂ ಕೈಬಿಟ್ಟ ಉದಾಹರಣೆಗಳು ಈಗಾಗಲೇ ಇವೆ.

ಯೂರೋಪಿನ ಟೆಸ್ಲಾ ಕಾರುಗಳಲ್ಲಿ ಮೊದಲು ಇದ್ದದ್ದು ಆರ್‌ಡಿಯೋ ಎಂಬ ಸೇವೆ. 2015ರ ನವೆಂಬರಿನಲ್ಲಿ ಆ ಕಂಪೆನಿ ದಿವಾಳಿಯಾಯಿತು, ಡಿಸೆಂಬರಿನಲ್ಲಿ ಸೇವೆಯೇ ನಿಂತಿತು. ಅದರ ಜಾಗಕ್ಕೆ ಸ್ಪಾಟಿಫೈ ಬಂತು. ಆದರೆ ಅದೇ ಕಂಪೆನಿಯ ಕಾರು ಕೊಂಡ ಅಮೆರಿಕನ್ನರಿಗೆ ಪರದೆಯಲ್ಲಿ ಸಿಗುತ್ತಿದ್ದುದು ಸ್ಲ್ಯಾಕರ್ ಎಂಬ ಬೇರೆ ಸೇವೆ. ಅವರ ಪರದೆಗೆ ಸ್ಪಾಟಿಫೈ ಬಂದದ್ದು 2019ರಲ್ಲಿ. ಆ್ಯಪಲ್ ಮ್ಯೂಸಿಕ್ ಬಂದದ್ದು 2022ರ ಕೊನೆಗೆ. ಗಿರಾಕಿ ಯಾವುದನ್ನು ಕೇಳಬೇಕೆಂಬುದನ್ನು ಕಾರು ಕಂಪೆನಿಯ ಒಪ್ಪಂದಗಳು ತೀರ್ಮಾನಿಸಿದವು.

ಮೊಬೈಲ್ ಜಾಲದ ಕಥೆ ಇನ್ನೊಂದು ಬಗೆಯದು. 2022ರ ಫೆಬ್ರುವರಿಯಲ್ಲಿ ಅಮೆರಿಕದ ಎ.ಟಿ. ಅಂಡ್ ಟಿ. ಕಂಪೆನಿ ತನ್ನ ಮೂರನೇ ತಲೆಮಾರಿನ, ಅಂದರೆ 3ಜಿ ಜಾಲವನ್ನು ಮುಚ್ಚಿತು. ಆ ಜಾಲವನ್ನೇ ನೆಚ್ಚಿದ್ದ ಹಳೆಯ ಕಾರುಗಳು ಹೊರಜಗತ್ತಿನ ಸಂಪರ್ಕ ಕಳೆದುಕೊಂಡವು. 2015ರ ಮಧ್ಯಭಾಗಕ್ಕಿಂತ ಮೊದಲು ತಯಾರಾದ ಟೆಸ್ಲಾ ಕಾರಿನವರು ಹಣ ಕೊಟ್ಟು ಮೋಡೆಮ್ ಬದಲಿಸಿಕೊಳ್ಳಬೇಕಾಯಿತು. ಚಕ್ರ, ಮೋಟಾರು, ಬ್ಯಾಟರಿ ಎಲ್ಲವೂ ಸರಿಯಾಗಿಯೇ ಇದ್ದವು. ಕಾರಿನ ಆಯುಷ್ಯಕ್ಕಿಂತ ಮೊಬೈಲ್ ಜಾಲದ ಆಯುಷ್ಯ ಕಡಿಮೆಯಾಗಿತ್ತು ಅಷ್ಟೆ.

ಮೂರನೆಯದು ಹಾಡಿನ ಹಕ್ಕು. ಇದು ಕನ್ನಡದ ಕೇಳುಗರಿಗೂ ತಟ್ಟಿದ ವಿಷಯ. ಹಳೆಯ ಎಚ್.ಎಂ.ವಿ. ಧ್ವನಿಮುದ್ರಣಗಳ ಹಕ್ಕು ಈಗ ಸರೆಗಮ ಕಂಪೆನಿಯದು. ಅದರಲ್ಲಿ ಹಳೆಯ ಕನ್ನಡ ಚಿತ್ರಗೀತೆಗಳೂ ಇವೆ. ಸ್ಪಾಟಿಫೈ ಭಾರತಕ್ಕೆ 2019ರ ಫೆಬ್ರುವರಿಯಲ್ಲಿ ಕಾಲಿಟ್ಟಾಗ ಇಬ್ಬರ ನಡುವೆ ಒಪ್ಪಂದ ಕುದುರಲಿಲ್ಲ. ವಿಷಯ ದೆಹಲಿ ಹೈಕೋರ್ಟಿಗೆ ಹೋಯಿತು. ಸರೆಗಮದ ಹಾಡುಗಳನ್ನು ತೆಗೆದುಹಾಕುವುದಾಗಿ ಸ್ಪಾಟಿಫೈ ಏಪ್ರಿಲಿನಲ್ಲಿ ಒಪ್ಪಿತು. ರಾಜಿಯಾಗಿ ಆ ಹಾಡುಗಳು ಮರಳಿದ್ದು 2020ರಲ್ಲಿ. ಕೇಳುಗ ತಾನೇನೂ ತಪ್ಪು ಮಾಡದೆ ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ಹಳೆಯ ಹಾಡು ಕೇಳದಂತಾಯಿತು.

ಹಿಂದೊಮ್ಮೆ ಹೀಗೆಯೇ

ಕಾರಿನ ಸಂಗೀತದ ಚರಿತ್ರೆಯಲ್ಲಿ ಇಂಥ ಬೇಲಿ ಹೊಸದಲ್ಲ. 1930ರಲ್ಲಿ ಅಮೆರಿಕದ ಪಾಲ್ ಗ್ಯಾಲ್ವಿನ್ ಮೋಟೊರೋಲಾ ಎಂಬ ಹೆಸರಿನ ಕಾರ್ ರೇಡಿಯೋ ಮಾರುಕಟ್ಟೆಗೆ ತಂದರು. ಮೋಟಾರು ಕಾರು ಮತ್ತು ವಿಕ್ಟ್ರೋಲಾ ಎಂಬ ಗ್ರಾಮಫೋನಿನ ಹೆಸರು ಸೇರಿ ಆದ ಪದ ಅದು. ರೇಡಿಯೋ ಮುಕ್ತವಾಗಿತ್ತು. ಯಾವ ಕಂಪೆನಿಯ ಪೆಟ್ಟಿಗೆಯಾದರೂ ಗಾಳಿಯಲ್ಲಿ ಬರುವ ಎಲ್ಲ ಕೇಂದ್ರಗಳನ್ನೂ ಹಿಡಿಯುತ್ತಿತ್ತು. ಆದರೆ ತನಗೆ ಬೇಕಾದ ಹಾಡನ್ನೇ ಹಾಕಿಕೊಳ್ಳುವ ಅನುಕೂಲ ಇರಲಿಲ್ಲ.

ಆ ಕೊರತೆ ನೀಗಲು ಕ್ರೈಸ್ಲರ್ ಕಂಪೆನಿ 1956ರ ಮಾದರಿಗಳಲ್ಲಿ ಹೈವೇ ಹೈ-ಫೈ ಎಂಬ ಗ್ರಾಮಫೋನನ್ನೇ ಕಾರಿನ ಡ್ಯಾಷ್‌ಬೋರ್ಡಿನ ಕೆಳಗೆ ಕೂರಿಸಿತು. ಅದನ್ನು ರೂಪಿಸಿದವರು ಸಿ.ಬಿ.ಎಸ್. ಸಂಸ್ಥೆಯ ಪೀಟರ್ ಗೋಲ್ಡ್‌ಮಾರ್ಕ್. ಏಳು ಅಂಗುಲದ ಅದರ ತಟ್ಟೆ ನಿಮಿಷಕ್ಕೆ ಹದಿನಾರೂ ಮುಕ್ಕಾಲಿಗೂ ಕಡಿಮೆ ಸುತ್ತು ತಿರುಗುತ್ತಿತ್ತು. ಒಂದು ಬದಿಯಲ್ಲೇ ಸುಮಾರು ಮುಕ್ಕಾಲು ಗಂಟೆಯ ಸಂಗೀತ. ತೊಡಕೆಂದರೆ, ಆ ವಿಶೇಷ ತಟ್ಟೆಗಳನ್ನು ತಯಾರಿಸುತ್ತಿದ್ದುದು ಸಿ.ಬಿ.ಎಸ್.ಗೆ ಸೇರಿದ ಕೊಲಂಬಿಯಾ ಒಂದೇ. ಮನೆಯಲ್ಲಿದ್ದ ತಟ್ಟೆಗಳು ಕಾರಿನಲ್ಲಿ ನಡೆಯುತ್ತಿರಲಿಲ್ಲ, ಕೊಲಂಬಿಯಾ ಹೊರತರದ ಹಾಡು ಸಿಗುತ್ತಿರಲಿಲ್ಲ. ದುರಸ್ತಿಯ ತಲೆನೋವೂ ಸೇರಿಕೊಂಡು ಕೆಲವೇ ವರ್ಷಗಳಲ್ಲಿ ಅದು ಮಾಯವಾಯಿತು.

ಗೆದ್ದದ್ದು ಇದಕ್ಕೆ ವಿರುದ್ಧವಾದ ದಾರಿ. ಹಾಲೆಂಡಿನ ಫಿಲಿಪ್ಸ್ ಕಂಪೆನಿ 1963ರಲ್ಲಿ ಪರಿಚಯಿಸಿದ ಕ್ಯಾಸೆಟ್ಟಿನ ತಂತ್ರವನ್ನು ಬೇರೆ ತಯಾರಕರಿಗೂ ಬಿಟ್ಟುಕೊಟ್ಟಿತು. ಯಾರ ಕ್ಯಾಸೆಟ್ ಆದರೂ ಯಾರ ಯಂತ್ರದಲ್ಲಾದರೂ ನಡೆಯಿತು. ಖಾಲಿ ಕ್ಯಾಸೆಟ್ಟಿನಲ್ಲಿ ಮನೆಯಲ್ಲೇ ಹಾಡು ತುಂಬಿಕೊಳ್ಳಬಹುದಾಗಿತ್ತು. ಸಣ್ಣ ಬಂಡವಾಳದವರೂ ಧ್ವನಿಸುರುಳಿ ತರಲು ಸಾಧ್ಯವಾಯಿತು. ಕನ್ನಡ ಭಾವಗೀತೆಗಳು ಮನೆಮನೆಗೆ ತಲುಪಿದ್ದು ಈ ಬಾಗಿಲಿನಿಂದಲೇ. ಕೆ.ಎಸ್. ನಿಸಾರ್ ಅಹಮದ್ ಅವರ ಗೀತೆಗಳ, ಮೈಸೂರು ಅನಂತಸ್ವಾಮಿ ಅವರ ಸಂಗೀತದ ‘ನಿತ್ಯೋತ್ಸವ’ 1978ರಲ್ಲಿ ಹೊರಬಂತು. ಬಳಿಕ ಬಂದ ಭಾವಗೀತೆ, ಜನಪದ ಗೀತೆ, ಹರಿಕಥೆ, ನಾಟಕಗಳ ಸುರುಳಿಗಳು ಲಾರಿ, ಬಸ್ಸು, ಟ್ಯಾಕ್ಸಿಗಳಲ್ಲಿ ನಾಡು ಸುತ್ತಿದವು. ಯಾವ ಲಾರಿ ಕಂಪೆನಿಯ ಅಪ್ಪಣೆಯೂ ಅದಕ್ಕೆ ಬೇಕಿರಲಿಲ್ಲ. 1984ರಲ್ಲಿ ಕಾರಿಗೆ ಬಂದ ಸಿ.ಡಿ.ಯ ಮಟ್ಟಿಗೂ ಈ ಮಾತು ನಿಜ.

ಇಂದಿನ ಕಾರಿನ ಆ್ಯಪ್ ಈ ಎರಡು ದಾರಿಗಳಲ್ಲಿ ಯಾವುದಕ್ಕೆ ಸೇರಿದ್ದು? ಹಾಡಿನ ಸಂಖ್ಯೆ ನೋಡಿದರೆ ಅದಕ್ಕೆ ಸಾಟಿಯಿಲ್ಲ. ಬಾಗಿಲ ಕೀಲಿ ಯಾರ ಬಳಿ ಇದೆ ಎಂದು ನೋಡಿದರೆ ಅದು ಕ್ರೈಸ್ಲರ್ ಕಾರಿನ ಗ್ರಾಮಫೋನಿಗೆ ಹತ್ತಿರದ್ದು.

ಫೋನೋ, ಪರದೆಯೋ

ನಡುವೆ ಒಂದು ಹೊಂದಾಣಿಕೆಯ ಕಾಲವೂ ಬಂದಿತ್ತು. ಆ್ಯಪಲ್ ಕಂಪೆನಿಯ ಕಾರ್‌ಪ್ಲೇ 2014ರಲ್ಲಿ, ಗೂಗಲ್‌ನ ಆ್ಯಂಡ್ರಾಯ್ಡ್ ಆಟೋ 2015ರಲ್ಲಿ ಬಂದವು. ಇವುಗಳಲ್ಲಿ ಕಾರಿನ ಪರದೆ ಕೇವಲ ಕನ್ನಡಿ. ಆ್ಯಪ್, ಸಿಮ್, ಚಂದಾ ಎಲ್ಲವೂ ಫೋನಿನವು. ಹೊಸ ಸಂಗೀತ ಸೇವೆ ಬೇಕಾದರೆ ಫೋನಿಗೆ ಹಾಕಿಕೊಂಡರೆ ಸಾಕು. ಫೋನು ಹಳತಾದರೆ ಬದಲಿಸಬಹುದು, ಕಾರು ಹಾಗೆಯೇ ಇರುತ್ತದೆ.

ಅಮೆರಿಕದ ಜನರಲ್ ಮೋಟಾರ್ಸ್ 2023ರಲ್ಲಿ ತನ್ನ ಮುಂದಿನ ವಿದ್ಯುತ್ ಕಾರುಗಳಲ್ಲಿ ಈ ಎರಡನ್ನೂ ಕೊಡುವುದಿಲ್ಲ ಎಂದು ಪ್ರಕಟಿಸಿತು. ಗೂಗಲ್ ಜೊತೆ ಸೇರಿ ರೂಪಿಸಿದ ತನ್ನದೇ ಪರದೆಯಲ್ಲಿ ಎಲ್ಲ ಆ್ಯಪ್‌ಗಳೂ ಇರುತ್ತವೆ ಎಂದಿತು. ಇದಕ್ಕೆ ಒಂದು ಸಕಾರಣವಿದೆ. ವಿದ್ಯುತ್ ಕಾರಿನಲ್ಲಿ ದಾರಿ ತೋರಿಸುವ ನಕ್ಷೆಗೆ ಬ್ಯಾಟರಿಯ ಸ್ಥಿತಿ ಗೊತ್ತಿದ್ದರೆ ಎಲ್ಲಿ ಚಾರ್ಜು ಮಾಡಬೇಕೆಂದು ಸರಿಯಾಗಿ ಹೇಳಬಲ್ಲದು. ಆದರೆ ಪರದೆ ಯಾರ ಕೈಯಲ್ಲಿದೆಯೋ ಚಂದಾ ಹಣ ಮತ್ತು ಗಿರಾಕಿಯ ಅಭಿರುಚಿಯ ಮಾಹಿತಿ ಕೂಡ ಅವರತ್ತ ಹರಿಯುತ್ತವೆ ಎಂಬುದನ್ನು ಮರೆಯುವಂತಿಲ್ಲ. ಭಾರತದಲ್ಲಿ 2019ರಲ್ಲಿ ‘ಇಂಟರ್ನೆಟ್ ಕಾರು’ ಎಂಬ ಪ್ರಚಾರದೊಡನೆ ಬಂದ ಎಂ.ಜಿ. ಹೆಕ್ಟರ್ ಪೆಟ್ರೋಲ್, ಡೀಸೆಲ್ ಕಾರಾದರೂ ಅದರ ಪರದೆಯಲ್ಲಿ ಗಾನಾ ಆ್ಯಪ್ ಕೂಡಿಸಿತ್ತು. ಗಾನಾ 2022ರಲ್ಲಿ ಉಚಿತ ಸೇವೆ ನಿಲ್ಲಿಸಿ ಚಂದಾದಾರರಿಗೆ ಮಾತ್ರ ಎಂದಾಯಿತು. ಏರ್‌ಟೆಲ್ ಕಂಪೆನಿಯ ವಿಂಕ್ ಮ್ಯೂಸಿಕ್ ಅನ್ನು ಮುಚ್ಚುವುದಾಗಿ 2024ರಲ್ಲಿ ಪ್ರಕಟವಾಯಿತು. ಕಾರನ್ನು ಹತ್ತು ಹದಿನೈದು ವರ್ಷ ಇಟ್ಟುಕೊಳ್ಳುವ ನಮ್ಮಲ್ಲಿ ಆ್ಯಪ್‌ಗಳ ಆಯುಷ್ಯ ಇಷ್ಟು ಅನಿಶ್ಚಿತ.

ರೇಡಿಯೋಗೂ ಸಂಚಕಾರ

ಯಾವುದೂ ಇಲ್ಲದಿದ್ದರೆ ರೇಡಿಯೋ ಇದೆಯಲ್ಲ ಎನ್ನಬಹುದು. ಅಲ್ಲಿಯೂ ತೊಡಕಿದೆ. ವಿದ್ಯುತ್ ಕಾರಿನಲ್ಲಿ ಬ್ಯಾಟರಿಯ ನೇರ ವಿದ್ಯುತ್ತನ್ನು ಮೋಟಾರಿಗೆ ಒಗ್ಗಿಸುವ ಇನ್ವರ್ಟರ್ ಸೆಕೆಂಡಿಗೆ ಸಾವಿರಾರು ಬಾರಿ ವಿದ್ಯುತ್ತನ್ನು ತೆರೆದು ಮುಚ್ಚುತ್ತದೆ. ಇದರಿಂದ ಏಳುವ ತರಂಗಗಳು ಮೀಡಿಯಂ ವೇವ್ ಪ್ರಸಾರದ ಮೇಲೆ ಗೊರಗೊರ ಸದ್ದಾಗಿ ಬೀಳುತ್ತವೆ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಕೇಳಿ ಬೆಳೆದವರಿಗೆ ಮೀಡಿಯಂ ವೇವ್ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ.

ಮೊದಲ ಕಾರ್ ರೇಡಿಯೋಗಳಿಗೂ ಎಂಜಿನ್ನಿನ ಕಿಡಿಯಿಂದ ಇದೇ ಕಾಟವಿತ್ತು. ಆಗಿನ ಎಂಜಿನಿಯರುಗಳು ತಡೆಗಳನ್ನು ಜೋಡಿಸಿ ಸದ್ದನ್ನು ಅಡಗಿಸಿದರು. ಈಗಲೂ ಲೋಹದ ಹೊದಿಕೆ, ಶೋಧಕಗಳಿಂದ ಅದು ಸಾಧ್ಯ, ಆದರೆ ಖರ್ಚಿನ ಬಾಬ್ತು. ಕೆಲವು ತಯಾರಕರು ಮೀಡಿಯಂ ವೇವನ್ನೇ ಕೈಬಿಟ್ಟರು. ಫೋರ್ಡ್ ಕಂಪೆನಿಯೂ ಹಾಗೆ ಮಾಡಹೊರಟು, ತುರ್ತು ಸಂದರ್ಭದ ಸೂಚನೆಗಳು ಜನರಿಗೆ ತಲುಪುವುದು ಹೇಗೆ ಎಂಬ ಆಕ್ಷೇಪ ಎದ್ದಮೇಲೆ 2023ರ ಮೇ ತಿಂಗಳಲ್ಲಿ ನಿರ್ಧಾರ ಬದಲಿಸಿತು. ಎಲ್ಲ ಹೊಸ ಕಾರುಗಳಲ್ಲಿ ಈ ರೇಡಿಯೋ ಕಡ್ಡಾಯ ಮಾಡುವ ಮಸೂದೆ ಅದೇ ತಿಂಗಳು ಅಮೆರಿಕದ ಸಂಸತ್ತಿನಲ್ಲಿ ಮಂಡನೆಯಾಯಿತು. ಎಫ್.ಎಂ.ಗೆ ಈ ಕಾಟ ಬಹಳ ಕಡಿಮೆ.

ಕೊಳ್ಳುವ ಮುನ್ನ

ಹಾಗೆಂದು ಕಾರಿನ ಆ್ಯಪ್ ಬೇಡವೆನ್ನಬೇಕಿಲ್ಲ. ಎಂಜಿನ್ ಸದ್ದಿಲ್ಲದ ಕಾರಿನಲ್ಲಿ, ಅದೂ ನಿಧಾನವಾಗಿ ಹೋಗುವಾಗ, ತಂಬೂರಿಯ ಶ್ರುತಿಯೂ ಕಿವಿಗೆ ಬೀಳುತ್ತದೆ. ಚಾರ್ಜಿಗೆಂದು ಅರ್ಧ ಗಂಟೆ ನಿಂತಾಗ ಅದಕ್ಕಿಂತ ಒಳ್ಳೆಯ ಜೊತೆ ಬೇರಿಲ್ಲ. ಆದರೆ ಕೊಳ್ಳುವ ಮುನ್ನ ಷೋರೂಮಿನಲ್ಲಿ ನಾಲ್ಕು ಪ್ರಶ್ನೆ ಕೇಳುವುದು ಒಳ್ಳೆಯದು. ಇಂಟರ್ನೆಟ್ ಸಂಪರ್ಕ ಎಷ್ಟು ವರ್ಷ ಉಚಿತ, ಆಮೇಲೆ ಚಂದಾ ಎಷ್ಟು? ಸಂಪರ್ಕ ನಿಂತರೂ ಬ್ಲೂಟೂತ್ ಮೂಲಕ ಫೋನಿನ ಹಾಡು ಕೇಳಬಹುದೇ? ಪೆನ್ ಡ್ರೈವ್ ಹಾಕಿ ಹಾಡು ಕೇಳಲು ಯು.ಎಸ್.ಬಿ. ಕಿಂಡಿ ಇದೆಯೇ? ಕಾರ್‌ಪ್ಲೇ ಅಥವಾ ಆ್ಯಂಡ್ರಾಯ್ಡ್ ಆಟೋ ಉಂಟೇ?

ಆ್ಯಪ್‌ನಲ್ಲಿ ಇಳಿಸಿಕೊಂಡ ಹಾಡು ತನ್ನದಾಯಿತೆಂಬ ಭಾವನೆಯೂ ತಪ್ಪು. ಅದು ಆ ಆ್ಯಪ್‌ನೊಳಗೆ ಮಾತ್ರ ನುಡಿಯುತ್ತದೆ. ಸ್ಪಾಟಿಫೈನಲ್ಲಾದರೆ 30 ದಿನಕ್ಕೊಮ್ಮೆಯಾದರೂ ಇಂಟರ್ನೆಟ್ಟಿಗೆ ಬಂದು ಹಾಜರಿ ಹಾಕದಿದ್ದರೆ ಇಳಿಸಿದ ಹಾಡು ಹೋಗುತ್ತದೆ. ಕಾರನ್ನು ಮಾರುವಾಗ ಖಾತೆಯಿಂದ ಹೊರಬರುವುದನ್ನೂ ಮರೆಯಬಾರದು. ಇಲ್ಲವಾದರೆ ಹೊಸ ಮಾಲೀಕರು ಹಳಬರ ಖಾತೆಯಲ್ಲೇ ಹಾಡು ಕೇಳುತ್ತಾರೆ. ಇನ್ನು ಹಾಡು ಹುಡುಕುವ ಕೆಲಸವನ್ನು ಕಾರು ಹೊರಡುವ ಮೊದಲೇ ಮುಗಿಸಬೇಕು. ಹಿಂದಿನ ಕ್ಯಾಸೆಟ್ ಗುಂಡಿಯನ್ನು ಕಣ್ಣುಮುಚ್ಚಿ ಒತ್ತಬಹುದಾಗಿತ್ತು, ಪರದೆಗೆ ಕಣ್ಣು ಬೇಕೇ ಬೇಕು.

ಸರೆಗಮದ ಹಾಡುಗಳು ಆ್ಯಪ್‌ನಿಂದ ಮಾಯವಾದ ಆ ವರ್ಷ, ಅದೇ ಹಾಡುಗಳ ಸಿ.ಡಿ. ಇದ್ದವರ ಮನೆಯಲ್ಲಿ ಹಾಡು ನಿಲ್ಲಲಿಲ್ಲ. ನಮಗೆ ತೀರಾ ಬೇಕಾದ ಐವತ್ತೋ ನೂರೋ ಹಾಡುಗಳನ್ನು ಕೊಂಡು ಪೆನ್ ಡ್ರೈವಿನಲ್ಲಿ ಇಟ್ಟುಕೊಂಡರೆ, ಪರದೆಯ ಆ್ಯಪ್ ಇದ್ದರೂ ಇಲ್ಲದಿದ್ದರೂ ಅವು ಕಾರಿನಲ್ಲಿರುತ್ತವೆ.