ಕತ್ತರಿಗೆ ಮೊದಲು ಚಿತ್ರ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಚ್.ಡಿ. ಕೋಟೆ ತಾಲ್ಲೂಕುಗಳ ಹೊಗೆಸೊಪ್ಪಿನ ಸೀಮೆಯಲ್ಲಿ, ಬ್ಯಾರನ್ನುಗಳಿಗೆ ಸೌದೆಯೊಟ್ಟಿ ಎಲೆ ಹದಗೊಳಿಸುವ ತಿಂಗಳುಗಳಲ್ಲಿ, ಮೂಗು ಕಟ್ಟಿತೆಂದರೆ ಹೊಗೆ ಧೂಳುಗಳ ಮೇಲೆಯೂ, ಹದಿಹರೆಯದ ಹುಡುಗನ ಮೂಗಿನಿಂದ ರಕ್ತ ಸುರಿಯಿತೆಂದರೆ ದೇಹದ ಉಷ್ಣದ ಮೇಲೆಯೂ ಹೊಣೆ ಹೊರಿಸಿ, ಎಳನೀರು ಕುಡಿಸಿ, ನೆತ್ತಿಗೆ ಹರಳೆಣ್ಣೆ ತಟ್ಟಿ ಸುಮ್ಮನಾಗುವುದು ಹಳೆಯ ರೂಢಿ. ಬಹುಪಾಲು ಇದರಿಂದ ಕೇಡಿಲ್ಲ. ಆದರೆ ಒಂದೇ ಹೊಳ್ಳೆ ತಿಂಗಳುಗಟ್ಟಲೆ ಕಟ್ಟಿಕೊಂಡು ಮತ್ತೆ ಮತ್ತೆ ನೆತ್ತರು ಕಾಣುವಲ್ಲಿ, ಒಳಗೆ ಬೆಳೆದಿರುವುದೇನೆಂದು ತಿಳಿಯದೆ ಕೈಹಾಕುವುದು ಪ್ರಾಣಕ್ಕೇ ಅಪಾಯವಾದೀತು.

ಮೂಗಿನ ದುರ್ಮಾಂಸವನ್ನು ಪ್ರಾಚೀನರು ಅರಿಯದವರಲ್ಲ. ಸುಶ್ರುತನು ಅದನ್ನು ನಾಸಾರ್ಶವೆಂದು ಕರೆದು ರೋಗಗಳ ಸಾಲಿನಲ್ಲಿ ಸೇರಿಸಿದನು. ಗ್ರೀಸಿನ ಹಿಪ್ಪೊಕ್ರಾಟಿಸನ ಪರಂಪರೆಯವರು ದಾರ ಕಟ್ಟಿದ ಸ್ಪಂಜನ್ನು ಮೂಗಿನ ಮೂಲಕ ಎಳೆದು ಅದನ್ನು ಕಿತ್ತು ತೆಗೆಯುತ್ತಿದ್ದರು. ಕಣ್ಣಿಗೆ ಕಂಡಷ್ಟನ್ನು ಕೀಳಬಹುದಾಗಿತ್ತೇ ಹೊರತು, ಅದರ ಬೇರು ಎಲ್ಲಿಯದೆಂಬುದನ್ನು ಅರಿಯುವ ಉಪಾಯವಿರಲಿಲ್ಲ.

1895ರ ನವೆಂಬರಿನಲ್ಲಿ ಜರ್ಮನಿಯ ವುರ್ಟ್ಸ್‌ಬರ್ಗಿನಲ್ಲಿ ರಾಂಟ್ಜನ್ ಕ್ಷಕಿರಣವನ್ನು, ಅಂದರೆ ಎಕ್ಸ್-ರೇಯನ್ನು, ಕಂಡುಹಿಡಿದು, ಅದರ ಹಕ್ಕನ್ನು ತನಗೆಂದು ಕಾಯ್ದಿರಿಸಿಕೊಳ್ಳದೆ ಲೋಕಕ್ಕೆ ಬಿಟ್ಟುಕೊಟ್ಟನು. 1915ರಲ್ಲಿ ವಾಟರ್ಸ್ ಮತ್ತು ವಾಲ್ಡ್ರನ್ ಎಂಬವರು, ಗದ್ದವನ್ನು ಮೇಲೆತ್ತಿಸಿ ಕೆನ್ನೆಯ ಸೈನಸ್ಸನ್ನು ಸ್ಪಷ್ಟವಾಗಿ ಹಿಡಿಯುವ ಭಂಗಿಯನ್ನು ವಿವರಿಸಿದರು. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂದ ವೈದ್ಯಕೀಯ ಕಾಲೇಜಿನ ಬೋಧನಾಲಯವಾದ ಕೃಷ್ಣರಾಜೇಂದ್ರ ಆಸ್ಪತ್ರೆ, ಅಂದರೆ ಈ ಸೀಮೆಯ ಜನರ ‘ದೊಡ್ಡಾಸ್ಪತ್ರೆ’, ಈ ನಾಲ್ಕು ತಾಲ್ಲೂಕುಗಳ ಮೂಗಿನ ರೋಗಿಗಳಿಗೂ ಆಸರೆಯಾಯಿತು. ಆದರೂ ಎಕ್ಸ್-ರೇ ಚಿತ್ರದಲ್ಲಿ ಒಂದು ಕೊರತೆ ಉಳಿದೇ ಇತ್ತು. ಒಂದರ ಮೇಲೊಂದು ಹೇರಿದ ಹೊಗೆಸೊಪ್ಪಿನ ಎಲೆಗಳನ್ನು ಬಿಸಿಲಿಗೆ ಹಿಡಿದಂತೆ, ಮುಂದಿನ ಮೂಳೆ ಹಿಂದಿನ ಮೂಳೆಗಳ ನೆರಳುಗಳೆಲ್ಲ ಅದರಲ್ಲಿ ಬೆರೆತುಹೋಗುತ್ತಿದ್ದವು.

ಆ ಬೆರಕೆಯನ್ನು ಬಿಡಿಸಿದುದು ಸಿ.ಟಿ. ಸ್ಕ್ಯಾನ್. ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ನಿರ್ಮಿಸಿದ ಯಂತ್ರದಲ್ಲಿ 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಮೊದಲ ರೋಗಿಯ ತಲೆಯ ಚಿತ್ರ ತೆಗೆಯಲಾಯಿತು. 1979ರಲ್ಲಿ ಅವನಿಗೂ ಈ ತಂತ್ರದ ಗಣಿತವನ್ನು ರೂಪಿಸಿದ ಕಾರ್ಮ್ಯಾಕ್‌ಗೂ ನೊಬೆಲ್ ಪಾರಿತೋಷಕ ಸಂದಿತು. ಮೂಗನ್ನು ಪದರಪದರವಾಗಿ ಕಾಣುವುದು ಸಾಧ್ಯವಾದ ಮೇಲೆಯೇ, ಎಂಡೋಸ್ಕೋಪಿನ ಶಸ್ತ್ರಚಿಕಿತ್ಸೆಯೂ ನಿರ್ಭಯವಾಗಿ ಮುಂದುವರಿದದ್ದು.

ಈ ಚಿತ್ರಗಳ ನಿಜವಾದ ಉಪಕಾರ ಕಾಣುವುದು ಆಂಜಿಯೋಫೈಬ್ರೋಮ ಎಂಬ ಗಡ್ಡೆಯಲ್ಲಿ. ಹೆಚ್ಚುಕಡಿಮೆ ಹದಿಹರೆಯದ ಗಂಡುಹುಡುಗರಿಗೆ ಮಾತ್ರವೇ ಬರುವ ಇದು ಕ್ಯಾನ್ಸರ್ ಅಲ್ಲ. ಆದರೆ ಇದರ ರಕ್ತನಾಳಗಳ ಗೋಡೆಯಲ್ಲಿ ಸಂಕುಚಿಸುವ ಸ್ನಾಯು ಸಾಲದಾದುದರಿಂದ, ಪರೀಕ್ಷೆಗೆಂದು ಒಂದು ಚೂರು ಕತ್ತರಿಸಿದರೂ ನೆತ್ತರು ನಿಲ್ಲದು. ಮೆಲ್ಲಗೆ ಬೆಳೆಯುವ ಗಡ್ಡೆಯಾದುದರಿಂದ ಅದು ಎದುರಿನ ಮೂಳೆಯನ್ನು ಒತ್ತಿ ಬಾಗಿಸುತ್ತದೆ: ಕೆನ್ನೆಯ ಸೈನಸ್ಸಿನ ಹಿಂಗೋಡೆ ಮುಂದಕ್ಕೆ ಬಾಗಿರುವ ಈ ಲಕ್ಷಣವನ್ನು ಹೋಲ್ಮನ್ ಮತ್ತು ಮಿಲ್ಲರ್ 1965ರಲ್ಲಿ ಎಕ್ಸ್-ರೇಯಲ್ಲಿಯೇ ಗುರುತಿಸಿದ್ದರು. ಇಂದು ರಕ್ತನಾಳಕ್ಕೆ ಔಷಧ ಕೊಟ್ಟು ತೆಗೆದ ಸಿ.ಟಿ.ಯೂ ಎಂ.ಆರ್.ಐ.ಯೂ ಸೇರಿ, ಚೂರು ಕತ್ತರಿಸದೆಯೇ ರೋಗವನ್ನು ನಿಶ್ಚಯಿಸಿ, ಗಡ್ಡೆಯ ಎಲ್ಲೆಯನ್ನೂ ಅದಕ್ಕೆ ರಕ್ತವೀಯುವ ನಾಳವನ್ನೂ ತೋರಿಸಿಕೊಡುತ್ತವೆ. ಶಸ್ತ್ರಚಿಕಿತ್ಸೆಗೆ ಒಂದೆರಡು ದಿನ ಮೊದಲೇ ಆ ನಾಳವನ್ನು ಒಳಗಿನಿಂದ ಮುಚ್ಚುವ ಕ್ರಮವೂ ಈಗ ಉಂಟು. ವೈದ್ಯಶಾಸ್ತ್ರದಲ್ಲಿ ಚಿತ್ರವೇ ತೀರ್ಪಾಗುವ ಇಂಥ ಪ್ರಸಂಗಗಳು ವಿರಳವೆಂದೇ ನಾನು ಎಣಿಸುತ್ತೇನೆ.

ಉಳಿದ ಗಡ್ಡೆಗಳಲ್ಲಿ ಹಾಗಲ್ಲ. ಒಳಮುಖವಾಗಿ ಬೆಳೆಯುವ ಪ್ಯಾಪಿಲೋಮ ಎಲ್ಲಿ ಬೇರೂರಿದೆಯೆಂಬುದನ್ನು ದಪ್ಪಗಾದ ಮೂಳೆಯ ಗುರುತಿನಿಂದ ಸಿ.ಟಿ. ಸೂಚಿಸಬಲ್ಲುದಾದರೂ, ಕೊನೆಯ ಮಾತು ಸೂಕ್ಷ್ಮದರ್ಶಕದ್ದೇ.

ತಾಲ್ಲೂಕು ಆಸ್ಪತ್ರೆಯ ಎಕ್ಸ್-ರೇಯಿಂದ ಮುಂದಿನ ಪರೀಕ್ಷೆಗೆ ಹುಣಸೂರಿನವರಾದರೂ ಕೋಟೆಯವರಾದರೂ ಮೈಸೂರಿನ ಬಸ್ಸು ಹತ್ತಬೇಕಾಗುವುದುಂಟು. ಎಲೆ ಬೇಯಿಸುವ ಕಾಲದಲ್ಲಿ ಒಂದು ದಿನದ ಕೆಲಸ ಬಿಡುವುದು ಎಷ್ಟು ಕಷ್ಟವೆಂದು ಬಲ್ಲೆ. ಆದರೂ ಮನೆಯ ಹುಡುಗನ ಒಂದೇ ಹೊಳ್ಳೆ ಕಟ್ಟಿ, ಅದರಿಂದ ಪದೇ ಪದೇ ರಕ್ತ ಬರುತ್ತಿದ್ದರೆ, ದಯವಿಟ್ಟು ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಿ. ಸ್ಕ್ಯಾನ್ ಆಗುವ ತನಕ ಆ ಗಡ್ಡೆಯನ್ನು ಮುಟ್ಟಲು ಯಾರಿಗೂ ಬಿಡಬೇಡಿ.