ಹೃದಯದ ಬಾಯಿಗೆ ಬಿರಡೆ

ಊರಿನಿಂದ ಬಂದ ಅಜ್ಜಿಯನ್ನು ಇಲ್ಲಿ ಮುಂಬಯಿಯಲ್ಲಿ ಡಾಕ್ಟರ ಬಳಿ ಕರೆದೊಯ್ಯುವ ಕೆಲಸ ಎಷ್ಟೋ ಸಲ ನಿಮ್ಮ ಪಾಲಿಗೇ ಬರುತ್ತದೆ, ಅಲ್ಲವೇ? ಅಜ್ಜಿ ಹೇಳುವುದು: "ಎದ್ದು ಕೂತ್ರೆ ಏದುಸಿರು ಬರತ್ತೆ, ಮಲಗಿದ್ರೆ ಹಗುರ." ನೀವು ಡಾಕ್ಟರಿಗೆ ಹೇಳುವುದು: "ಸಾಂಸ್ ಫೂಲ್ತಾ ಹೈ." ಅರ್ಧ ಮಾತು ಅಲ್ಲೇ ಉಳಿಯಿತು. ಹೃದಯ ಸೋತವರಿಗೆ ಸಾಮಾನ್ಯವಾಗಿ ಮಲಗಿದಾಗ ಏದುಸಿರು ಹೆಚ್ಚು, ಅಜ್ಜಿಯದು ತಿರುಗುಮುರುಗು. ಡಾಕ್ಟರಿಗೆ ಬೇಕಾದದ್ದೇ ಅದು.

ಹೃದಯದೊಳಗೂ ಗಡ್ಡೆ ಬೆಳೆಯುವುದುಂಟು, ಬಹಳ ಅಪರೂಪಕ್ಕೆ. ಕ್ಯಾನ್ಸರ್ ಅಲ್ಲದವುಗಳಲ್ಲಿ ಮುಖ್ಯವಾದದ್ದು ಮಿಕ್ಸೋಮ. ನಾಲ್ಕರಲ್ಲಿ ಮೂರು ಪಾಲು ಎಡ ಮೇಲ್ಕೋಣೆಯಲ್ಲೇ ಇರುತ್ತವೆ. ಲೋಳೆಯಂತೆ ಮೆತ್ತಗಿನ ಈ ಗಡ್ಡೆ ಬಹಳ ಸಲ ನಡುಗೋಡೆಯಿಂದ ತೊಟ್ಟು ಹಿಡಿದು ನೇತಾಡುತ್ತದೆ. ಕೆಳಕೋಣೆಗೆ ರಕ್ತ ಇಳಿಯುವ ಮೈಟ್ರಲ್ ಕವಾಟಕ್ಕೆ ಬಂದು ಕೂತರೆ ಬಿರಡೆ ಹಾಕಿದಂತೆ. ಹಿಂದೆ ಶ್ವಾಸಕೋಶದಲ್ಲಿ ರಕ್ತ ಕಟ್ಟಿ ಏದುಸಿರು, ಮುಂದೆ ಮಿದುಳಿಗೆ ರಕ್ತ ಸಾಲದೆ ಮೂರ್ಛೆ. ಮಗ್ಗುಲು ಬದಲಿಸಿದಾಗ ಬಿರಡೆ ಸರಿದರೆ ಏನೂ ಆಗದವರಂತೆ! ಅದರ ಚೂರು ಕಿತ್ತು ರಕ್ತದಲ್ಲಿ ಮಿದುಳಿಗೆ ಹೋದರೆ ಲಕ್ವ. ನಿಮ್ಮ ವಯಸ್ಸಿನವರಿಗೆ ಲಕ್ವ ಹೊಡೆದಾಗ ಹೃದಯವನ್ನೂ ಪರೀಕ್ಷಿಸುವುದು ಇದಕ್ಕೇ.

ಇದು ಮಹಾ ವೇಷಗಾರ. ಸಣ್ಣ ಜ್ವರ, ಇಳಿಯುವ ತೂಕ, ಏರಿದ ಇ.ಎಸ್.ಆರ್. ನೋಡಿದರೆ ಸೋಂಕೆನಿಸುತ್ತದೆ. ಸ್ಟೆತಾಸ್ಕೋಪಿಗೆ, ನಮ್ಮ ದೇಶದಲ್ಲಿ ಬೇಕಾದಷ್ಟಿರುವ, ರುಮ್ಯಾಟಿಕ್ ಜ್ವರದಿಂದ ಕಿರಿದಾದ ಕವಾಟದಂತೆಯೇ ಕೇಳುತ್ತದೆ. ಹಿಂದೆ ಹೆಚ್ಚಾಗಿ ಗೊತ್ತಾಗುತ್ತಿದ್ದುದು ಶವಪರೀಕ್ಷೆಯಲ್ಲಿ. 1954ರಲ್ಲಿ ಸ್ಟಾಕ್‌ಹೋಮಿನಲ್ಲಿ ಕ್ಲಾರೆನ್ಸ್ ಕ್ರಾಫೋರ್ಡ್ ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ ಇಂಥ ಗಡ್ಡೆಯನ್ನು ತೆಗೆದರು. 1959ರಲ್ಲಿ ಜರ್ಮನಿಯ ಸ್ವೆನ್ ಎಫರ್ಟ್ ಮತ್ತು ಸಂಗಡಿಗರು ಶಬ್ದಾತೀತ ತರಂಗಗಳಿಂದ ಅದನ್ನು ಗುರುತಿಸಿದ್ದನ್ನು ಪ್ರಕಟಿಸಿದರು. ಇಂದಿನ ಎಕೋ ಅದರದೇ ಮುಂದುವರಿಕೆ. ಎದೆಗೆ ಜೆಲ್ ಸವರಿ ನೋಡುತ್ತಾರೆ, ಸೂಜಿ ಇಲ್ಲ, ನೋವಿಲ್ಲ. ಗಡ್ಡೆ ತೂಗಾಡುವುದು ಪರದೆಯ ಮೇಲೇ ಕಾಣುತ್ತದೆ. ಸ್ಪಷ್ಟವಾಗದಿದ್ದರೆ ಅನ್ನನಾಳದ ಮೂಲಕ ನೋಡುತ್ತಾರೆ.

ಕಂಡ ಮೇಲೆ ಮಾತ್ರೆಯಿಂದ ಕರಗಿಸುವ ಹಾಗಿಲ್ಲ, ತಡಮಾಡದೆ ಶಸ್ತ್ರಚಿಕಿತ್ಸೆ. ತೊಟ್ಟು ಅಂಟಿದ್ದ ಗೋಡೆಯ ತುಂಡನ್ನೂ ಸೇರಿಸಿ ತೆಗೆಯುತ್ತಾರೆ. ಬಹುಪಾಲು ಜನ ಪೂರ್ಣ ಗುಣವಾಗುತ್ತಾರೆ. ಕೆಲವರಲ್ಲಿ ಮತ್ತೆ ಬೆಳೆಯಬಹುದಾದ್ದರಿಂದ ಮುಂದೆಯೂ ಎಕೋ ಬೇಕು. ಮನೆತನದಲ್ಲಿ ಬರುವ ಬಗೆಯಾದರೆ ಒಡಹುಟ್ಟಿದವರಿಗೂ.

ಏದುಸಿರಿಗೆಲ್ಲ ಮಿಕ್ಸೋಮವೇ ಕಾರಣವೆಂದು ಹೆದರಬೇಡಿ. ರಕ್ತಹೀನತೆ, ಅಸ್ತಮಾ ಇದಕ್ಕಿಂತ ಎಷ್ಟೋ ಪಾಲು ಹೆಚ್ಚು. ಆದರೆ ಮುಂದಿನ ಸಲ ಹೊರಡುವ ಮೊದಲು ಅಜ್ಜಿಯನ್ನು ಕನ್ನಡದಲ್ಲೇ ಕೇಳಿ: ಕೂತಾಗಲೋ, ಮಲಗಿದಾಗಲೋ, ಯಾವ ಮಗ್ಗುಲಿಗೆ? ಅವರು ಹೇಳಿದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ.