ಶಾಲಾ ವಿಷಯ ಶಿಕ್ಷಕರ ಸಹಯೋಗ: ಗ್ರಾಮ ಪಂಚಾಯತಿ ಸದಸ್ಯರ ಪಾತ್ರ



ಏಳನೆಯ ತರಗತಿಯ ವಿದ್ಯಾರ್ಥಿಯು ವಿಜ್ಞಾನದಲ್ಲಿ ಜಲಚಕ್ರವನ್ನೂ, ಗಣಿತದಲ್ಲಿ ವಿಸ್ತೀರ್ಣವನ್ನೂ, ಸಮಾಜ ವಿಜ್ಞಾನದಲ್ಲಿ ಮಳೆಯ ಹಂಚಿಕೆಯನ್ನೂ ಕಲಿಯುತ್ತಾನೆ. ಆದರೂ ತನ್ನ ಶಾಲೆಯ ಛಾವಣಿಯ ಮೇಲೆ ವರ್ಷಕ್ಕೆ ಎಷ್ಟು ಲೀಟರ್ ಮಳೆನೀರು ಬೀಳುತ್ತದೆ ಎಂದು ಕೇಳಿದರೆ ಉತ್ತರಿಸಲು ತಡವರಿಸುತ್ತಾನೆ. ಕಲಿತ ಪಾಠಗಳು ಒಂದಕ್ಕೊಂದು ಕೂಡಿಬಾರದಿರುವುದೇ ಇದಕ್ಕೆ ಕಾರಣ.

ಹಿನ್ನೆಲೆ

ವಿಷಯಗಳ ನಡುವಣ ಗೋಡೆಯನ್ನು ತೆಗೆಯಬೇಕೆಂಬ ವಿಚಾರ ಹೊಸದಲ್ಲ. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿಯವರು ಮಂಡಿಸಿದ ಮೂಲಶಿಕ್ಷಣವು ಕೈಕಸುಬಿನ ಸುತ್ತ ಎಲ್ಲ ಪಾಠಗಳನ್ನು ಹೆಣೆಯಿತು. ಶಾಲೆಯ ಜ್ಞಾನವನ್ನು ಹೊರಗಿನ ಬದುಕಿನೊಂದಿಗೆ ಬೆಸೆಯಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಇದನ್ನೇ ಒತ್ತಿಹೇಳುತ್ತದೆ. ಶಿಕ್ಷಕರು ಒಟ್ಟಾಗಿ ಕುಳಿತರೆ ಏನು ಸಾಧ್ಯ ಎಂಬುದಕ್ಕೆ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ನಮ್ಮ ರಾಜ್ಯದ್ದೇ ನಿದರ್ಶನ.

ಒಂದು ಉದಾಹರಣೆ: ನೀರು

ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆಯಾದರೆ ಒಂದು ಲೀಟರ್ ನೀರು ದೊರೆಯುತ್ತದೆ. ಛಾವಣಿ 200 ಚದರ ಮೀಟರ್, ವಾರ್ಷಿಕ ಮಳೆ 600 ಮಿ.ಮೀ. ಎಂದುಕೊಂಡರೆ 1,20,000 ಲೀಟರ್. ಶೇ. 80ರಷ್ಟನ್ನು ಹಿಡಿದರೂ 96,000 ಲೀಟರ್. ನೂರು ಮಕ್ಕಳು 220 ಶಾಲಾ ದಿನಗಳಲ್ಲಿ ತಲಾ ಎರಡು ಲೀಟರ್ ಕುಡಿದರೆ ಬೇಕಾಗುವುದು 44,000 ಲೀಟರ್ ಮಾತ್ರ. ಅಳತೆ ಮಾಡಿಸುವವರು ದೈಹಿಕ ಶಿಕ್ಷಕರು, ಲೆಕ್ಕ ಹಾಕಿಸುವವರು ಗಣಿತ ಶಿಕ್ಷಕರು.

ವಿಜ್ಞಾನ ಶಿಕ್ಷಕರು ಕೊಳವೆಬಾವಿಯ ನೀರನ್ನು ಕ್ಷೇತ್ರ ಪರೀಕ್ಷಾ ಕಿಟ್‌ನಿಂದ ಪರೀಕ್ಷಿಸಿ ತೋರಿಸಬಹುದು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದಲ್ಲಿ ಗರಿಷ್ಠ ಮಿತಿ 1.5 ಮಿ.ಗ್ರಾಂ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಈ ತಿಳಿವಳಿಕೆಯನ್ನು ಊರಿಗೆ ಅರ್ಥವಾಗುವಂತೆ ಫಲಕವಾಗಿ ಬರೆಯಿಸುವುದು ಕನ್ನಡ ಶಿಕ್ಷಕರ ಪಾಠ. ಏರಿ, ತೂಬು, ಕೋಡಿಗಳ ಕಥೆಯನ್ನು ಹಿರಿಯರಿಂದ ಕೇಳಿ ದಾಖಲಿಸುವುದು ಸಮಾಜ ವಿಜ್ಞಾನದ ಪಾಠ.

ಅಡಚಣೆ ಎಲ್ಲಿದೆ?

ಇಂಥ ಪಾಠಕ್ಕೆ ಹಣಕ್ಕಿಂತ ಹೆಚ್ಚಾಗಿ ಬೇಕಾದುದು ಸಮಯ. ಶಿಕ್ಷಕರು ವಾರದಲ್ಲಿ ಒಂದು ಗಂಟೆಯಾದರೂ ಒಟ್ಟಿಗೆ ಕುಳಿತು ಯೋಜಿಸದಿದ್ದರೆ ಸಹಯೋಗವು ಕಾಗದದಲ್ಲೇ ಉಳಿಯುತ್ತದೆ. ಆ ಗಂಟೆಯನ್ನು ಇತರ ಕೆಲಸಗಳು ನುಂಗಿಹಾಕುವುದನ್ನು ನಾವೆಲ್ಲರೂ ಕಂಡಿದ್ದೇವೆ. ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ ಹಾಗೂ ಚುನಾವಣಾ ಕರ್ತವ್ಯಗಳನ್ನು ಬಿಟ್ಟು ಶಿಕ್ಷಕರನ್ನು ಶಿಕ್ಷಣೇತರ ಕಾರ್ಯಕ್ಕೆ ನಿಯೋಜಿಸಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಪ್ರಕರಣ ಹೇಳುತ್ತದೆ. ಒಬ್ಬರೋ ಇಬ್ಬರೋ ಶಿಕ್ಷಕರಿರುವ ಶಾಲೆಗಳಲ್ಲಿ ಈ ಚರ್ಚೆಯನ್ನು ನೆರೆಯ ಶಾಲೆಗಳೊಂದಿಗೆ ಕ್ಲಸ್ಟರ್ ಸಭೆಯಲ್ಲಿ ನಡೆಸಬಹುದು.

ಸದಸ್ಯರು ಮಾಡಬಹುದಾದುದು

1. ಶಿಕ್ಷಕರ ಯೋಜನಾ ಅವಧಿಯಲ್ಲಿ ಪಂಚಾಯತಿಯ ಕೆಲಸಗಳಿಗೆ ಅವರನ್ನು ಕರೆಯದಿರುವುದು.
2. ಕೆರೆ, ಕೊಳವೆಬಾವಿ ಹಾಗೂ ನೀರಿನ ಪರೀಕ್ಷೆಯ ದಾಖಲೆಗಳನ್ನು ಶಾಲೆಗೆ ಒದಗಿಸುವುದು.
3. ನೀರಗಂಟಿ, ರೈತರು, ಕುಶಲಕರ್ಮಿಗಳನ್ನು ಶಾಲೆಗೆ ಪರಿಚಯಿಸುವುದು.
4. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಕಟ್ಟಡದ ಜೊತೆಗೆ ಕಲಿಕೆಯನ್ನೂ ಚರ್ಚೆಗೆ ತರುವುದು.
5. ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳು ತಾವು ಕಂಡುಕೊಂಡುದನ್ನು ಮಂಡಿಸಲು ಅವಕಾಶ ನೀಡಿ, ಕೈಗೊಂಡ ಕ್ರಮವನ್ನು ಅವರಿಗೆ ತಿಳಿಸುವುದು.

ಕೊನೆಯ ಅಂಶವು ವಿಶೇಷ ಗಮನಕ್ಕೆ ಅರ್ಹ. ಮಕ್ಕಳು ಅಳೆದು ತಂದ ಲೆಕ್ಕಕ್ಕೆ ಪಂಚಾಯತಿಯಿಂದ ಉತ್ತರ ದೊರೆತರೆ ಪಾಠವು ಊರಿನ ಕೆಲಸವಾಗುತ್ತದೆ. ಉತ್ತರ ದೊರೆಯದಿದ್ದರೆ, ಕಲಿತದ್ದಕ್ಕೂ ಬದುಕಿಗೂ ಸಂಬಂಧವಿಲ್ಲವೆಂಬ ಪಾಠವನ್ನು ನಾವೇ ಕಲಿಸಿದಂತಾಗುತ್ತದೆ.